ವಾಂತಿ ನಿಂತ ಮೇಲೆ, ಏಳಕ್ಕೆ ಬೀಳುವ ಮೊದಲು: ಬಸುರಿನ ನಡುವಿನ ತಿಂಗಳುಗಳಲ್ಲಿ ಏನೇನು ಮಾಡಬೇಕು

"ವಾಂತಿ ನಿಂತಿದೆ, ಊಟ ಸೇರುತ್ತಿದೆ, ಆರಾಮಾಗಿದ್ದೀನಿ. ಈಗ ಆಸ್ಪತ್ರೆಗೆ ಯಾಕೆ ಹೋಗಬೇಕು?" ನಾಲ್ಕು, ಐದನೇ ತಿಂಗಳಿನ ಬಸುರಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಜಗಳೂರು, ಹೊಳಲ್ಕೆರೆ ಕಡೆಯವರೂ ಕೇಳ್ತಾರೆ, ದಾವಣಗೆರೆ ಪೇಟೆಯೊಳಗೇ ಇರುವವರೂ ಕೇಳ್ತಾರೆ. ಮೊದಲ ಮೂರು ತಿಂಗಳು ಹೆದರಿಕೆಗೆ ಹೋಗ್ತಾರೆ, ಕೊನೆಯ ಮೂರು ತಿಂಗಳು ಹೆರಿಗೆ ಹತ್ತಿರ ಬಂತು ಅಂತ ಹೋಗ್ತಾರೆ. ನಡುವಿನ ಮೂರು ತಿಂಗಳು ಮಾತ್ರ ಹಾಗೇ ಜಾರಿ ಹೋಗುತ್ತೆ.

ಉತ್ತರ ಚಿಕ್ಕದು. ರಕ್ತ ಕಡಿಮೆಯಾಗುವುದು, ಸಕ್ಕರೆ ಏರುವುದು, ಬಿಪಿ ಮೇಲೆ ಹೋಗುವುದು ಇವೆಲ್ಲ ಶುರುವಾಗುವುದು ಈ ತಿಂಗಳುಗಳಲ್ಲೇ, ಅದೂ ನಿಮಗೆ ಗೊತ್ತಾಗದ ಹಾಗೆ. ಜೊತೆಗೆ ಈಗಿನ ಕೆಲವು ಕೆಲಸಗಳಿಗೆ ಗಡುವಿದೆ. ಆ ವಾರ ದಾಟಿದರೆ ಮುಗಿಯಿತು, ಮುಂದಿನ ತಿಂಗಳು ಮಾಡಿಸೋಣ ಅನ್ನುವ ಹಾಗಿಲ್ಲ. ಹಾಗಾಗಿ ಯಾವುದು ಯಾವಾಗ ಅನ್ನುವುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ನಿಮ್ಮ ಡಾಕ್ಟರು ಬೇರೆ ಏನಾದರೂ ಹೇಳಿದ್ದರೆ ಅವರ ಮಾತೇ ಮೊದಲು. ಅವರು ನಿಮ್ಮನ್ನು ನೋಡಿದ್ದಾರೆ, ನಾನು ನೋಡಿಲ್ಲ.

1. ಮೊದಲು ವಾರದ ಲೆಕ್ಕ ಸರಿ ಮಾಡಿಕೊಳ್ಳಿ

ನಮ್ಮ ಮನೆಗಳಲ್ಲಿ ತಿಂಗಳ ಲೆಕ್ಕ. "ನಾಲ್ಕು ತುಂಬಿ ಐದಕ್ಕೆ ಬಿದ್ದಿದೆ" ಅಂತೀವಿ. ಅದನ್ನೇ ಅತ್ತೆ ಐದು ಅಂತಾರೆ, ನೀವು ನಾಲ್ಕು ಅಂತೀರಿ. ಆಸ್ಪತ್ರೆಯಲ್ಲಿ ಎಲ್ಲವೂ ವಾರದ ಲೆಕ್ಕ. ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಸುಮಾರು 14ನೇ ವಾರದಿಂದ 27ನೇ ವಾರ ಮುಗಿಯುವವರೆಗೆ ನಡುವಿನ ಅವಧಿ. ಉದಾಹರಣೆಗೆ, ಜೂನ್ 1ಕ್ಕೆ ಮುಟ್ಟಾಗಿದ್ದರೆ ಅಕ್ಟೋಬರ್ 19ಕ್ಕೆ 20 ವಾರ ತುಂಬುತ್ತೆ.

ಮುಟ್ಟಿನ ದಿನ ನೆನಪಿಲ್ಲದವರು, ತಿಂಗಳು ತಪ್ಪಿ ಮುಟ್ಟಾಗುವವರು ಸುಮ್ನೆ ಅಂದಾಜು ಹೇಳಬೇಡಿ. ಮೊದಲ ಮೂರು ತಿಂಗಳಲ್ಲಿ ಸ್ಕ್ಯಾನ್ ಆಗಿದ್ದರೆ ಅದರಲ್ಲಿರುವ ದಿನಾಂಕವೇ ಹೆಚ್ಚು ನಂಬಿಕೆಯದ್ದು. ಹೆರಿಗೆಯ ಅಂದಾಜು ದಿನವನ್ನು ತಾಯಿ ಕಾರ್ಡಿನಲ್ಲಿ, ಅಂದರೆ ಬಸುರಿನ ತಪಾಸಣೆಗಳನ್ನೆಲ್ಲ ಬರೆಯುವ ಸರ್ಕಾರಿ ಕಾರ್ಡಿನಲ್ಲಿ, ಬರೆಸಿಕೊಳ್ಳಿ. ಆಮೇಲಿನ ಸ್ಕ್ಯಾನ್‌ಗಳಲ್ಲಿ ದಿನಾಂಕ ಹಿಂದೆ ಮುಂದೆ ಬಂದರೆ ಗಾಬರಿ ಬೇಡ, ಮೊದಲ ದಿನಾಂಕವನ್ನು ಬದಲಾಯಿಸಿಕೊಳ್ಳುವುದೂ ಬೇಡ.

2. ತಾಯಿ ಕಾರ್ಡ್ ಇನ್ನೂ ಆಗಿಲ್ಲದಿದ್ದರೆ ಈ ವಾರವೇ ಮಾಡಿಸಿ

ಖಾಸಗಿ ಆಸ್ಪತ್ರೆಯಲ್ಲಿ ತೋರಿಸುತ್ತಿದ್ದೀವಿ, ನಮಗೆ ಬೇಡ ಅನ್ನುವವರಿಗೂ ಇದು ಬೇಕು. ಆಶಾ ಕಾರ್ಯಕರ್ತೆಗೆ ಹೇಳಿದರೆ ಉಪಕೇಂದ್ರದಲ್ಲೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ನೋಂದಣಿ ಮಾಡಿಸುತ್ತಾರೆ. ಮಾತ್ರೆ, ಟಿಡಿ ಚುಚ್ಚುಮದ್ದು, ಅಂಗನವಾಡಿಯ ಊಟ, ಸರ್ಕಾರದ ಸಹಾಯಧನ ಎಲ್ಲಕ್ಕೂ ಈ ನೋಂದಣಿಯೇ ಬಾಗಿಲು.

ಟಿಡಿ ಅಂದರೆ ಧನುರ್ವಾಯು ಮತ್ತು ಡಿಫ್ತೀರಿಯಾ ತಡೆಯುವ ಲಸಿಕೆ. ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್. ಕಳೆದ ಮೂರು ವರ್ಷದೊಳಗಿನ ಬಸುರಿನಲ್ಲಿ ಎರಡೂ ಆಗಿದ್ದರೆ ಈಗ ಒಂದೇ ಸಾಕು. ಹಳೆಯ ಕಾರ್ಡ್ ತೋರಿಸಿ.

ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಕೇಂದ್ರಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆ ಇರುತ್ತೆ. 2016ರಲ್ಲಿ ಶುರುವಾದದ್ದು. ನಾಲ್ಕನೇ ತಿಂಗಳಿನಿಂದ ಮೇಲಿನವರಿಗೇ ಮೀಸಲು, ಉಚಿತ, ಡಾಕ್ಟರೇ ನೋಡುತ್ತಾರೆ. ಅಂದು ಭಾನುವಾರ ಅಥವಾ ರಜೆ ಬಂದರೆ ಮುಂದಿನ ಕೆಲಸದ ದಿನ. ಬೆಳಗ್ಗೆ ಬೇಗ ಹೋಗಿ, ಮಧ್ಯಾಹ್ನದ ಹೊತ್ತಿಗೆ ಸಾಲು ಬೆಳೆದಿರುತ್ತೆ. ತಿನ್ನಲು ಏನಾದರೂ ಕೈಯಲ್ಲಿರಲಿ.

ಪ್ರತಿ ಸಲ ಹೋದಾಗ ನಾಲ್ಕು ಕೆಲಸ ಆಗಲೇಬೇಕು: ತೂಕ, ಬಿಪಿ, ಹೊಟ್ಟೆ ಮುಟ್ಟಿ ನೋಡುವುದು, ಮೂತ್ರ ಪರೀಕ್ಷೆ. ಯಾವುದಾದರೂ ಬಿಟ್ಟರೆ ಸಂಕೋಚ ಬಿಟ್ಟು ಕೇಳಿ. ಬರೆದ ಅಂಕಿಯನ್ನೂ ನೋಡಿ. ಬಿಪಿ 140/90 ಅಥವಾ ಅದಕ್ಕಿಂತ ಮೇಲಿದ್ದರೆ "ಬಿಸಿಲಲ್ಲಿ ನಡೆದು ಬಂದಿದ್ದೀನಿ, ಅದಕ್ಕೇ" ಅಂತ ನೀವೇ ತೀರ್ಮಾನಿಸಬೇಡಿ. ಹದಿನೈದು ನಿಮಿಷ ಕೂತು ಮತ್ತೆ ನೋಡಿಸಿ. ಆಗಲೂ ಇಳಿಯದಿದ್ದರೆ ಡಾಕ್ಟರಿಗೆ ತೋರಿಸದೆ ಮನೆಗೆ ಬರಬೇಡಿ.

ಇಲ್ಲೇ ಒಂದು ಮಾತು. ಹಿಂದಿನ ಹೆರಿಗೆಯಲ್ಲಿ ಬಿಪಿ ಬಂದಿದ್ದವರಿಗೆ, ಅವಳಿ ಇರುವವರಿಗೆ ಡಾಕ್ಟರು ಕಡಿಮೆ ಡೋಸಿನ ಆಸ್ಪಿರಿನ್ ಬರೆದುಕೊಡುವುದುಂಟು. ರಕ್ತ ತೆಳುವಾಗುವ ಮಾತ್ರೆ ಅಂತ ಯಾರೋ ಹೇಳಿದರು ಎಂದು ಅರ್ಧಕ್ಕೇ ಬಿಡುವವರು ಬಹಳ. ಬಿಪಿ ಏರದಿರಲಿ ಅಂತಲೇ ಅದನ್ನು ಕೊಟ್ಟಿರುವುದು. ಕೇಳದೆ ನಿಲ್ಲಿಸಬೇಡಿ.

3. ಐದನೇ ತಿಂಗಳ ಸ್ಕ್ಯಾನ್: 18ರಿಂದ 20 ವಾರದೊಳಗೆ

ಇದಕ್ಕೆ ಅನಾಮಲಿ ಸ್ಕ್ಯಾನ್ ಅಂತಾರೆ, ಕೆಲವು ಕಡೆ ಟಿಫಾ ಅಂತಾರೆ. ಎರಡೂ ಒಂದೇ. ಮಗುವಿನ ತಲೆ, ಬೆನ್ನುಹುರಿ, ಹೃದಯ, ಮೂತ್ರಪಿಂಡ, ಕೈಕಾಲು ಸರಿಯಾಗಿ ಕೂಡಿಕೊಂಡಿವೆಯಾ ಅಂತ ಒಂದೊಂದಾಗಿ ನೋಡುವ ಸ್ಕ್ಯಾನ್ ಇದು. ಮಾಸು ಎಲ್ಲಿ ಕೂತಿದೆ, ಮಗುವಿನ ಸುತ್ತ ನೀರು ಎಷ್ಟಿದೆ ಅನ್ನುವುದೂ ಗೊತ್ತಾಗುತ್ತೆ. ಮಾಸು ಅಂದರೆ ಮಗುವಿಗೆ ಆಹಾರ, ಉಸಿರು ದಾಟಿಸುವ ಅಂಗ.

20 ವಾರದೊಳಗೆ ಅಂತ ಯಾಕೆ ಒತ್ತಿ ಹೇಳುವುದು? ದೊಡ್ಡ ನ್ಯೂನತೆ ಏನಾದರೂ ಕಂಡರೆ ಇನ್ನೊಬ್ಬ ತಜ್ಞರ ಹತ್ತಿರ ತೋರಿಸಬೇಕು, ಮತ್ತೆ ಪರೀಕ್ಷೆ ಮಾಡಿಸಬೇಕು, ಮನೆಯವರು ಕೂತು ಯೋಚಿಸಬೇಕು. ಎಲ್ಲಕ್ಕೂ ದಿನ ಬೇಕು. ಗರ್ಭಪಾತದ ಕಾನೂನು 2021ರಲ್ಲಿ ತಿದ್ದುಪಡಿಯಾಯಿತು. ಈಗ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಮಗುವಿನ ಗಂಭೀರ ನ್ಯೂನತೆಯಂಥ ಕೆಲವು ಕಾರಣಗಳಿಗೆ 24 ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಅದನ್ನೂ ದಾಟಿದರೆ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ಕುಬುಸ (ಸೀಮಂತ) ಮುಗಿಸಿಕೊಂಡು ಸ್ಕ್ಯಾನ್ ಮಾಡಿಸೋಣ ಅನ್ನುವವರು ಇದನ್ನು ಗಮನಿಸಿ.

ಹೋಗುವ ಮೊದಲು ಹೊಟ್ಟೆ ತುಂಬ ಊಟ ಮಾಡಿ. ಖಾಲಿ ಹೊಟ್ಟೆ ಬೇಡ. ಗುರುತಿನ ಚೀಟಿ, ಹಳೆಯ ಸ್ಕ್ಯಾನ್ ವರದಿ, ಡಾಕ್ಟರ ಚೀಟಿ ಇರಲಿ. ಅಲ್ಲಿ ನಿಮ್ಮ ಸಹಿ ಹಾಕಿಸಿಕೊಳ್ಳುವ ಫಾರಂ ಕಾನೂನಿನದು. ಗಂಡೋ ಹೆಣ್ಣೋ ಕೇಳಬೇಡಿ, ಹಣ ಕೊಟ್ಟು ಹೇಳಿಸಿಕೊಳ್ಳುವ ದಾರಿ ಹುಡುಕಬೇಡಿ. 1994ರ ಕಾನೂನಿನ ಪ್ರಕಾರ ಹೇಳುವವರದೂ ಅಪರಾಧ, ಕೇಳುವವರದೂ ಅಪರಾಧ. ಮಗು ಮಗ್ಗುಲಾಗಿ ಮಲಗಿದ್ದರೆ "ಹೊರಗೆ ಸ್ವಲ್ಪ ಓಡಾಡಿ ಬನ್ನಿ" ಅಂತ ಕಳಿಸುತ್ತಾರೆ. ಅದು ಮಾಮೂಲಿ. ಮೊಳಕಾಲ್ಮೂರು, ಜಗಳೂರು ಕಡೆಯ ಹಳ್ಳಿಗಳಿಂದ ಬರುವವರು ಮೊದಲೇ ಫೋನ್ ಮಾಡಿ ದಿನ ಗೊತ್ತು ಮಾಡಿಕೊಳ್ಳಿ. ಸ್ಕ್ಯಾನ್ ಮಾಡುವ ಡಾಕ್ಟರು ಎಲ್ಲ ಕಡೆ ಎಲ್ಲ ದಿನ ಸಿಗುವುದಿಲ್ಲ.

ವರದಿ ಓದಿ ಹೆದರುವವರು ಜಾಸ್ತಿ. "ಮಾಸು ಕೆಳಗಿದೆ" ಅಂತ ಬರೆದಿದ್ದರೆ ಅಷ್ಟಕ್ಕೇ ಆಪರೇಷನ್ ಅಂತಲ್ಲ. ಗರ್ಭಕೋಶ ಬೆಳೆದ ಹಾಗೆ ಹೆಚ್ಚಿನವರಲ್ಲಿ ಅದು ಮೇಲೆ ಸರಿಯುತ್ತೆ, ಎಂಟನೇ ತಿಂಗಳ ಹೊತ್ತಿಗೆ ಮತ್ತೊಮ್ಮೆ ನೋಡುತ್ತಾರೆ. ಅಲ್ಲಿಯವರೆಗೆ ಒಂದು ಹನಿ ರಕ್ತ ಕಂಡರೂ ಆಸ್ಪತ್ರೆಗೆ ಹೋಗಬೇಕು. ಗಂಡ ಹೆಂಡತಿ ಕೂಡುವುದಕ್ಕೆ ಅಡ್ಡಿ ಇದೆಯಾ ಅಂತ ಡಾಕ್ಟರನ್ನೇ ನೇರವಾಗಿ ಕೇಳಿ. ಮಾಸು ಕೆಳಗಿಲ್ಲದೆ, ರಕ್ತಸ್ರಾವ ಇಲ್ಲದೆ ಇದ್ದರೆ ಸಾಮಾನ್ಯವಾಗಿ ಅಡ್ಡಿ ಇರುವುದಿಲ್ಲ.

4. ರಕ್ತ: ಇದೊಂದನ್ನು ಮಾತ್ರ ಸಡಿಲ ಬಿಡಬೇಡಿ

ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 7ಕ್ಕಿಂತ ಕೆಳಗಿಳಿದರೆ ತೀವ್ರ, ಆಸ್ಪತ್ರೆಯಲ್ಲೇ ನೋಡಬೇಕಾದ ಸ್ಥಿತಿ. ನಡುವಿನ ತಿಂಗಳಲ್ಲಿ ರಕ್ತದ ನೀರಿನ ಅಂಶ ಹೆಚ್ಚುವುದರಿಂದ ಎಲ್ಲರಿಗೂ ಸ್ವಲ್ಪ ಇಳಿಯುತ್ತೆ. ಮೊದಲೇ 9, 10 ಇದ್ದವರಿಗೆ ಈ ಇಳಿತ ಕಷ್ಟ ಕೊಡುತ್ತೆ. ಹೆರಿಗೆ ಹೊತ್ತಿಗೆ ರಕ್ತ ಹೋದಾಗ ತಾಳುವ ಶಕ್ತಿ ಈಗ ಕೂಡಿಡಬೇಕು. ಒಂಬತ್ತನೇ ತಿಂಗಳಲ್ಲಿ ಮಾತ್ರೆ ಶುರು ಮಾಡಿದರೆ ರಕ್ತ ಏರಲು ವಾರಗಳು ಉಳಿದಿರುವುದೇ ಇಲ್ಲ.

ಸರ್ಕಾರಿ ಕೇಂದ್ರದಲ್ಲಿ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತೆ. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ ಕಡೇಪಕ್ಷ 180 ದಿನ. ರಕ್ತ ಕಡಿಮೆ ಇದ್ದರೆ ದಿನಕ್ಕೆರಡು ಬರೆಯುತ್ತಾರೆ.

ಮಾತ್ರೆ ಮನೆಗೆ ಬರುತ್ತೆ, ಹೊಟ್ಟೆಗೆ ಹೋಗಲ್ಲ. ಕಪಾಟಿನ ಮೇಲೋ ದೇವರ ಮನೆಯಲ್ಲೋ ಪಟ್ಟಿ ಪಟ್ಟಿ ಹಾಗೇ ಉಳಿದಿರುತ್ತೆ. ಕೇಳಿದರೆ ಕಾರಣ ಇವು:

ಮಲ ಕಪ್ಪಗಾಗುತ್ತೆ ಅಂತ ಹೆದರಿಕೆ. ಕಬ್ಬಿಣ ತಿಂದರೆ ಹಾಗೇ ಆಗುವುದು, ಕೆಡುಕೇನಲ್ಲ. ಕೂಸು ಕಪ್ಪಗೆ ಹುಟ್ಟುತ್ತೆ ಅನ್ನುವ ಮಾತು ಸುಳ್ಳು, ಬಣ್ಣಕ್ಕೂ ಮಾತ್ರೆಗೂ ಸಂಬಂಧವೇ ಇಲ್ಲ. ಕೇಸರಿ ಹಾಲು ಕುಡಿದರೆ ಬೆಳ್ಳಗಾಗುತ್ತೆ ಅನ್ನುವುದೂ ಅಷ್ಟೇ. ಹಾಲು ಒಳ್ಳೆಯದು, ಕೇಸರಿಯ ದುಡ್ಡಿಗೆ ಮೊಟ್ಟೆ ತನ್ನಿ. ಹೊಟ್ಟೆ ತೊಳಸುತ್ತೆ ಅನ್ನುವುದು ಮಾತ್ರ ನಿಜವಾದ ತೊಂದರೆ. ಹಾಗಾದರೆ ರಾತ್ರಿ ಊಟವಾಗಿ ಒಂದು ಗಂಟೆ ಬಿಟ್ಟು ತಗೊಂಡು ಮಲಗಿ. ಆಗಲೂ ಆಗದಿದ್ದರೆ ನಿಲ್ಲಿಸಬೇಡಿ, ಬೇರೆ ಮಾತ್ರೆ ಕೇಳಿ. ಮಲಬದ್ಧತೆಗೆ ನೀರು, ಸೊಪ್ಪು, ಸೀಬೆಹಣ್ಣು ಹೆಚ್ಚಿಸಿ.

ಇನ್ನು ಮೂರು ನಿಯಮ. ಮಾತ್ರೆಯ ಹಿಂದೆ ಮುಂದೆ ಒಂದೆರಡು ಗಂಟೆ ಚಹಾ, ಕಾಫಿ, ಹಾಲು ಬೇಡ, ಕಬ್ಬಿಣ ಮೈಗೆ ಹತ್ತಲ್ಲ. ನಿಂಬೆಹಣ್ಣಿನ ಪಾನಕದ ಜೊತೆಗೋ, ಒಂದು ನೆಲ್ಲಿಕಾಯಿ ತಿಂದೋ ತಗೊಂಡರೆ ಚೆನ್ನಾಗಿ ಹತ್ತುತ್ತೆ. ಕ್ಯಾಲ್ಸಿಯಂ ಮಾತ್ರೆಯನ್ನು ಇದರ ಜೊತೆ ನುಂಗಲೇಬೇಡಿ. ಕ್ಯಾಲ್ಸಿಯಂ ದಿನಕ್ಕೆ ಎರಡು ಸಲ, 500 ಮಿಲಿಗ್ರಾಂನದು, ಊಟದ ಜೊತೆ. ಬೆಳಗಿನ ತಿಂಡಿ ಮತ್ತು ಮಧ್ಯಾಹ್ನದ ಊಟಕ್ಕೆ ಕ್ಯಾಲ್ಸಿಯಂ, ರಾತ್ರಿಗೆ ಕಬ್ಬಿಣ ಅಂತ ಗೊತ್ತು ಮಾಡಿಕೊಂಡರೆ ಗೊಂದಲವಿಲ್ಲ.

ನಾಲ್ಕನೇ ತಿಂಗಳಾದ ಮೇಲೆ ಒಂದು ಸಲ ಜಂತುಹುಳದ ಮಾತ್ರೆ ಕೊಡುತ್ತಾರೆ, ಅಲ್ಬೆಂಡಜೋಲ್ 400 ಮಿಲಿಗ್ರಾಂ. ಬಸುರಿಗೆ ಹುಳದ ಮಾತ್ರೆಯಾ ಅಂತ ಅತ್ತೆ ಬೇಡ ಅನ್ನಬಹುದು. ಮೊದಲ ಮೂರು ತಿಂಗಳಲ್ಲಿ ಕೊಡುವುದಿಲ್ಲ, ಈಗ ಕೊಡಬಹುದು. ಹೊಲದಲ್ಲಿ ಬರಿಗಾಲಲ್ಲಿ ಓಡಾಡುವವರಿಗಂತೂ ಬೇಕೇ ಬೇಕು. ಕೊಕ್ಕೆಹುಳ ರಕ್ತ ಹೀರುತ್ತೆ.

ಮಣ್ಣು, ವಿಭೂತಿ ಗಟ್ಟಿ, ಸುಣ್ಣ, ಹಸಿ ಅಕ್ಕಿ ತಿನ್ನಬೇಕು ಅನಿಸುತ್ತಿದೆಯಾ? ಬಯಕೆ ಅಂತ ನಕ್ಕು ಬಿಡುತ್ತಾರೆ, ಕದ್ದು ತಂದುಕೊಡುವವರೂ ಇರುತ್ತಾರೆ. ಎಷ್ಟೋ ಸಲ ಅದು ರಕ್ತ ಕಡಿಮೆಯಿರುವ ಗುರುತು. ನಾಚಿಕೊಳ್ಳದೆ ಸಿಸ್ಟರ್‌ಗೆ ಹೇಳಿ ಹಿಮೋಗ್ಲೋಬಿನ್ ನೋಡಿಸಿ. ಮಾತ್ರೆ ತಿಂದೂ ಒಂದು ತಿಂಗಳಲ್ಲಿ ಏರದಿದ್ದರೆ ರಕ್ತನಾಳಕ್ಕೆ ಕಬ್ಬಿಣ ಕೊಡುವ ವ್ಯವಸ್ಥೆ ಇದೆ. ಅದು ಬೇರೆಯವರ ರಕ್ತ ಹಾಕುವುದಲ್ಲ, ಔಷಧಿ. ಆಸ್ಪತ್ರೆಯಲ್ಲೇ ಹಾಕುತ್ತಾರೆ.

5. ಊಟ: ಇಬ್ಬರದ್ದಲ್ಲ, ಒಂದು ಹಿಡಿ ಜಾಸ್ತಿ

ಈಗ ದಿನಕ್ಕೆ ಹೆಚ್ಚುವರಿ ಬೇಕಾದದ್ದು ಸುಮಾರು 350 ಕ್ಯಾಲೊರಿ. ಒಂದು ಜೋಳದ ರೊಟ್ಟಿ, ಒಂದು ಬಟ್ಟಲು ಕಾಳುಪಲ್ಯ, ಒಂದು ಲೋಟ ಹಾಲು. ಅಷ್ಟೇ. "ಇಬ್ಬರ ಊಟ ಉಣ್ಣು" ಅಂತ ತಟ್ಟೆ ತುಂಬ ಅನ್ನ ಬಡಿಸಿದರೆ ತೂಕ ಏರುತ್ತೆ, ರಕ್ತ ಏರಲ್ಲ. ಇದಕ್ಕೆ ತದ್ವಿರುದ್ಧ ಮಾತೂ ಇದೆ: ಜಾಸ್ತಿ ಉಂಡರೆ ಕೂಸು ದಪ್ಪವಾಗಿ ಹೆರಿಗೆ ಕಷ್ಟ ಅಂತ ಕಡಿಮೆ ಉಣ್ಣಿಸುವುದು. ಎರಡರಲ್ಲಿ ಇದು ಹೆಚ್ಚು ಅಪಾಯದ್ದು. ತೂಕ ಕಡಿಮೆಯಿರುವ ಕೂಸಿಗೆ ಕಾಯಿಲೆ ಬೇಗ ಹತ್ತುತ್ತೆ. ಈ ತಿಂಗಳುಗಳಲ್ಲಿ ತಿಂಗಳಿಗೆ ಒಂದೂವರೆ, ಎರಡು ಕಿಲೋ ಏರಿದರೆ ಸರಿ. ಮೊದಲೇ ದಪ್ಪ ಇದ್ದವರಿಗೆ ಅಷ್ಟು ಬೇಡ.

ನಮ್ಮ ಕಡೆಯ ಊಟದಲ್ಲಿ ಬೇಕಾದದ್ದೆಲ್ಲ ಇದೆ. ಚಿತ್ರದುರ್ಗದ ಕಡೆ ರಾಗಿ ಮುದ್ದೆ, ದಾವಣಗೆರೆ ಕಡೆ ಜೋಳದ ರೊಟ್ಟಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ನುಗ್ಗೆಸೊಪ್ಪು, ಮೆಂತ್ಯ, ಕಿರಕಸಾಲೆ, ಹುರುಳಿ, ಮೊಳಕೆ ಹೆಸರುಕಾಳು ವಾರವೆಲ್ಲ ತಿರುಗಿಸಿ ಮಾಡಿ. ಚಳ್ಳಕೆರೆ ಸೀಮೆಯವರಿಗೆ ಶೇಂಗಾ ಹೇಳಿಕೊಡಬೇಕಿಲ್ಲ. ಶೇಂಗಾ ಚಟ್ನಿಪುಡಿ, ಬೆಲ್ಲದ ಚಿಕ್ಕಿ ಎರಡೂ ಒಳ್ಳೆಯದು. ಮಾಂಸಾಹಾರಿಗಳು ಮೊಟ್ಟೆ, ಮೀನು, ಚೆನ್ನಾಗಿ ಬೇಯಿಸಿದ ಮಾಂಸ ತಿನ್ನಿ. ಸಾರಿನ ಮೇಲೆ ನಿಂಬೆ ಹಿಂಡಿಕೊಳ್ಳುವ ಅಭ್ಯಾಸ ಇದ್ದರೆ ಬಿಡಬೇಡಿ, ಸೊಪ್ಪಿನ ಕಬ್ಬಿಣ ಮೈಗೆ ಹತ್ತಲು ಅದೇ ಬೇಕು.

ಬೆಣ್ಣೆದೋಸೆ ತಿನ್ನಬಹುದಾ ಅಂತ ಕೇಳುತ್ತೀರಿ. ತಿನ್ನಿ, ಅಪರೂಪಕ್ಕೊಮ್ಮೆ. ಮಿರ್ಚಿ ಮಂಡಕ್ಕಿಗೆ ಅಡ್ಡಿಯಿಲ್ಲ, ರಾತ್ರಿ ಎದೆ ಉರಿ ಬಂದರೆ ಕಾರಣ ಗೊತ್ತಿರಲಿ. ಮಾಗಿದ ಪರಂಗಿ ಹಣ್ಣು ತಿಂದರೆ ತೊಂದರೆ ಇಲ್ಲ, ಕಾಯಿ ಬೇಡ. ಕಾಫಿ ಎರಡು ಲೋಟಕ್ಕೆ ನಿಲ್ಲಿಸಿ. ಹಸಿ ಹಾಲು ಬೇಡ, ಕಾಯಿಸಿಯೇ ಕುಡಿಯಿರಿ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರು, ಕಡ್ಡಿಪುಡಿ ಹಚ್ಚುವವರು ಈಗಲಾದರೂ ನಿಲ್ಲಿಸಿ. ಹೊಗೆಸೊಪ್ಪಿನಿಂದ ಕೂಸಿನ ತೂಕ ಇಳಿಯುತ್ತೆ.

ನೀರಿನ ವಿಷಯ ಬೇರೆ ಕಡೆಯವರಿಗೆ ಇಷ್ಟು ಹೇಳಬೇಕಿಲ್ಲ, ನಮಗೆ ಹೇಳಬೇಕು. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಹಳ್ಳಿಗಳ ಕೊಳವೆಬಾವಿಯಲ್ಲಿ ಫ್ಲೋರೈಡ್ ಹೆಚ್ಚಿದೆ. ಕಾಯಿಸಿದರೆ ಕ್ರಿಮಿ ಸಾಯುತ್ತೆ, ಫ್ಲೋರೈಡ್ ಹೋಗಲ್ಲ. ಕುಡಿಯಲು, ಅಡುಗೆಗೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೇ ತನ್ನಿ. ಆದರೆ ಆ ಕ್ಯಾನು ಹೊರುವುದು ನೀವಲ್ಲ, ಮನೆಯ ಬೇರೆಯವರು.

ಅಂಗನವಾಡಿಯ ಮಧ್ಯಾಹ್ನದ ಊಟ, ಅಂದರೆ 2017ರಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯ ಊಟ, ನಾಚಿಕೆಯಿಂದ ಬಿಡುವವರು ಬಹಳ. ಅನ್ನ, ಸೊಪ್ಪಿನ ಸಾರು, ಹಾಲು, ಮೊಟ್ಟೆ, ಚಿಕ್ಕಿ ಕೊಡುತ್ತಾರೆ. ನಿಮ್ಮ ಹಕ್ಕಿನ ಊಟ ಅದು. ಅಲ್ಲೇ ಮಾತೃವಂದನಾ ಯೋಜನೆಯ ಅರ್ಜಿಯನ್ನೂ ಕೇಳಿ. ಮೊದಲ ಮಗುವಿಗೆ 5000 ರೂಪಾಯಿ ಎರಡು ಕಂತಿನಲ್ಲಿ, ಎರಡನೆಯದು ಹೆಣ್ಣಾದರೆ 6000. ಅರ್ಹತೆಗೆ ಷರತ್ತುಗಳಿವೆ, ಅಂಗನವಾಡಿ ಕಾರ್ಯಕರ್ತೆಯೇ ಹೇಳುತ್ತಾರೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದೆ ಹಣ ನಿಲ್ಲುವುದೇ ಹೆಚ್ಚು, ಅದನ್ನು ಮೊದಲು ನೋಡಿಸಿ.

6. ಸಕ್ಕರೆ ಪರೀಕ್ಷೆ: 24ರಿಂದ 28 ವಾರ

"ನಮ್ಮ ವಂಶದಲ್ಲೇ ಶುಗರ್ ಇಲ್ಲ" ಅನ್ನಬೇಡಿ. ಇದು ಬಸುರಿನಲ್ಲಿ ಮಾತ್ರ ಬರುವ ಸಕ್ಕರೆ ಕಾಯಿಲೆ. ಮಾಸಿನಿಂದ ಬರುವ ಹಾರ್ಮೋನುಗಳು ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ. ಮೊದಲ ತಪಾಸಣೆಯಲ್ಲಿ ಸರಿ ಇದ್ದರೂ ಈಗ ಮತ್ತೆ ನೋಡಬೇಕು.

75 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕಲಸಿ ಕುಡಿಸುತ್ತಾರೆ, ಎರಡು ಗಂಟೆ ಬಿಟ್ಟು ರಕ್ತ ತೆಗೆಯುತ್ತಾರೆ. 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸಕ್ಕರೆ ಇದೆ ಅಂತ. ಸರ್ಕಾರಿ ಕೇಂದ್ರಗಳ ಈ ವಿಧಾನಕ್ಕೆ ಖಾಲಿ ಹೊಟ್ಟೆ ಬೇಕಿಲ್ಲ. ಖಾಸಗಿ ಲ್ಯಾಬಿನಲ್ಲಿ ಮೂರು ಸಲ ರಕ್ತ ತೆಗೆಯುವ ವಿಧಾನ ಇರಬಹುದು, ಅದಕ್ಕೆ ಖಾಲಿ ಹೊಟ್ಟೆ ಬೇಕು. ಹಿಂದಿನ ದಿನವೇ ಕೇಳಿಕೊಳ್ಳಿ. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಮುಚ್ಚಿಡಬೇಡಿ, ಪರೀಕ್ಷೆ ಇನ್ನೊಂದು ದಿನ ಮಾಡಬೇಕಾಗುತ್ತೆ. ಎರಡು ಗಂಟೆ ಅಲ್ಲೇ ಕೂತಿರಿ. ಹೊರಗೆ ಹೋಗಿ ತಿಂಡಿ ತಿಂದು ಬಂದರೆ ಇಡೀ ಪರೀಕ್ಷೆ ದಂಡ.

ಸಕ್ಕರೆ ಬಂದರೆ ಮೊದಲು ಊಟದ ಕ್ರಮ ಮತ್ತು ನಡಿಗೆ, ಎರಡು ವಾರದಲ್ಲಿ ಹತೋಟಿಗೆ ಬರದಿದ್ದರೆ ಔಷಧಿ. ಇನ್ಸುಲಿನ್ ಅಂದ ಕೂಡಲೇ ಅಳಬೇಡಿ. ಹೆಚ್ಚಿನವರಿಗೆ ಹೆರಿಗೆಯ ನಂತರ ಅದು ಬೇಕಾಗುವುದಿಲ್ಲ.

ನಿಮ್ಮ ರಕ್ತದ ಗುಂಪು ನೆಗೆಟಿವ್, ಗಂಡನದು ಪಾಸಿಟಿವ್ ಆಗಿದ್ದರೆ 28ನೇ ವಾರಕ್ಕೆ ಆಂಟಿ-ಡಿ ಚುಚ್ಚುಮದ್ದಿನ (ನಿಮ್ಮ ಮೈ ಕೂಸಿನ ರಕ್ತದ ವಿರುದ್ಧ ತಿರುಗದ ಹಾಗೆ ತಡೆಯುವ ಮದ್ದು) ಬಗ್ಗೆ ಈಗಲೇ ಡಾಕ್ಟರ ಹತ್ತಿರ ಮಾತಾಡಿ.

7. ಮೈಯಲ್ಲಿ ಆಗುವ ಬದಲಾವಣೆ: ಯಾವುದಕ್ಕೆ ಹೆದರಬೇಕಿಲ್ಲ

ಹೊಟ್ಟೆಯ ಕೆಳಗೆ ಪಕ್ಕದಲ್ಲಿ ಚಳಕು ಹೊಡೆಯುವುದು, ಅದೂ ಎದ್ದಾಗ, ಕೆಮ್ಮಿದಾಗ. ಗರ್ಭಕೋಶವನ್ನು ಹಿಡಿದಿರುವ ನಾರು ಎಳೆದುಕೊಳ್ಳುವುದರಿಂದ ಹಾಗಾಗುತ್ತೆ. ಮಗ್ಗುಲಿಗೆ ತಿರುಗಿ ನಿಧಾನ ಏಳಿ. ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ, ಮೂಗು ಕಟ್ಟುವುದು, ಮುಖದ ಮೇಲೆ ಬಂಗು, ಹೊಕ್ಕುಳಿಂದ ಕೆಳಗೆ ಕಪ್ಪು ಗೆರೆ ಇವೆಲ್ಲ ಮಾಮೂಲಿ. ರಾತ್ರಿ ಮೀನಖಂಡ ಹಿಡಿದುಕೊಂಡರೆ ಕಾಲು ಚಾಚಿ ಪಾದವನ್ನು ನಿಮ್ಮ ಕಡೆಗೆ ಎಳೆಯಿರಿ. ಒಂದೇ ಕಾಲು ಬಾತು, ಬಿಸಿಯಾಗಿ ನೋಯುತ್ತಿದ್ದರೆ ಅದು ಬೇರೆ, ರಕ್ತ ಹೆಪ್ಪುಗಟ್ಟಿರಬಹುದು, ತಕ್ಷಣ ತೋರಿಸಿ.

ಬಿಳಿ ಹೋಗುವುದು ಸ್ವಲ್ಪ ಹೆಚ್ಚುತ್ತೆ. ಅದು ವಾಸನೆ ಬಂದರೆ, ಹಸಿರು ಹಳದಿಯಾದರೆ, ಕೆರೆತವಿದ್ದರೆ ಸೋಂಕು. ಉರಿ ಮೂತ್ರವನ್ನು "ಉಷ್ಣ" ಅಂತ ಎಳನೀರು ಕುಡಿದು ಕೂರುವುದು ನಮ್ಮಲ್ಲಿ ದೊಡ್ಡ ತಪ್ಪು. ಬಸುರಿನಲ್ಲಿ ಮೂತ್ರದ ಸೋಂಕು ಬೇಗ ಮೂತ್ರಪಿಂಡಕ್ಕೆ ಏರುತ್ತೆ, ದಿನ ತುಂಬುವ ಮೊದಲೇ ನೋವು ಬರಿಸುತ್ತೆ.

ಬೆನ್ನು, ತಲೆ, ಹಲ್ಲು ನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ತರಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಇರುವ ಮಾತ್ರೆಗಳು 20 ವಾರದ ನಂತರ ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಕೊಡಬಹುದು. ಡಾಕ್ಟರು ಹೇಳಿದ ಅಳತೆಯಲ್ಲಿ ಪ್ಯಾರಾಸಿಟಮಾಲ್ ಸಾಕು.

8. ಕೂಸಿನ ಮಿಸುಕಾಟ

ಚೊಚ್ಚಲಿಗೆ 18ರಿಂದ 20 ವಾರಕ್ಕೆ, ಎರಡನೆಯದಕ್ಕೆ 16ನೇ ವಾರಕ್ಕೇ ಗೊತ್ತಾಗಬಹುದು. ಮೊದಮೊದಲು ಗಾಳಿ ತಿರುಗಿದ ಹಾಗೆ ಅನಿಸುತ್ತೆ. ಮಾಸು ಮುಂಭಾಗದಲ್ಲಿದ್ದರೆ ಇನ್ನೂ ತಡ. 24 ವಾರವಾದರೂ ಏನೂ ಗೊತ್ತಾಗದಿದ್ದರೆ ತೋರಿಸಿ. ಈಗಲೇ ಒದೆತ ಎಣಿಸಿ ಬರೆಯುವ ಅಗತ್ಯವಿಲ್ಲ, ಆ ಲೆಕ್ಕ 28 ವಾರದ ನಂತರದ್ದು. ಆದರೆ ದಿನಾ ಮಿಸುಕುತ್ತಿದ್ದ ಕೂಸು ಸುಮ್ಮನಾಯಿತು ಅನಿಸಿದರೆ ಬೆಳಗಾಗಲಿ ಅಂತ ಕಾಯಬೇಡಿ.

9. ಕೆಲಸ, ಓಡಾಟ, ಬಿಸಿಲು

ದಿನಕ್ಕೆ ಅರ್ಧ ಗಂಟೆ ನಡೆಯಿರಿ, ಮಾತಾಡಿಕೊಂಡು ನಡೆಯುವಷ್ಟು ವೇಗದಲ್ಲಿ. ಮನೆಕೆಲಸ ಮಾಡಬಹುದು. ತುಂಬಿದ ಕೊಡ ಎತ್ತುವುದು, ಮೂಟೆ ಹೊರುವುದು, ಔಷಧಿ ಹೊಡೆದ ಹೊಲಕ್ಕೆ ಇಳಿಯುವುದು ಬೇಡ. ಐದು ತಿಂಗಳು ದಾಟಿದ ಮೇಲೆ ಅಂಗಾತ ಬಹಳ ಹೊತ್ತು ಮಲಗಿದರೆ ಗರ್ಭಕೋಶ ದೊಡ್ಡ ರಕ್ತನಾಳವನ್ನು ಒತ್ತಿ ತಲೆ ಸುತ್ತುತ್ತೆ. ಮಗ್ಗುಲಾಗಿ ಮಲಗುವ ಅಭ್ಯಾಸ ಈಗಲೇ ಮಾಡಿಕೊಳ್ಳಿ. ಎಡ ಮಗ್ಗುಲು ಒಳ್ಳೆಯದು, ನಡುವೆ ಬಲಕ್ಕೆ ಹೊರಳಿದರೆ ಏನೂ ಆಗಲ್ಲ.

ಪ್ರಯಾಣಕ್ಕೆ ಇದೇ ಒಳ್ಳೆಯ ಕಾಲ. ಬಸ್ಸಿನಲ್ಲಿ ಹಿಂದಿನ ಸೀಟು ಬೇಡ. ಎರಡು ಗಂಟೆಗೊಮ್ಮೆ ಎದ್ದು ನಡೆಯಿರಿ, ಮೂತ್ರ ತಡೆಯಬೇಡಿ. ಕಾರಿನಲ್ಲಿ ಬೆಲ್ಟ್ ಹಾಕಿ, ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲ, ಹೊಟ್ಟೆಯ ಕೆಳಗೆ ತೊಡೆಗೆ ಬರಬೇಕು. ಬೈಕು ಆದಷ್ಟು ಬಿಡಿ. ಗುಂಡಿಗಿಂತ ಬೀಳುವ ಭಯ ದೊಡ್ಡದು.

ಮಾರ್ಚಿನಿಂದ ಮೇವರೆಗೆ ನಮ್ಮ ಬಿಸಿಲು ಗೊತ್ತೇ ಇದೆ. ನೀರು ಕಡಿಮೆಯಾದರೆ ಹೊಟ್ಟೆ ಬಿಗಿಯುತ್ತೆ. ಮಜ್ಜಿಗೆ, ನಿಂಬೆ ಪಾನಕ, ಅಂಬಲಿ ಹೆಚ್ಚಿಸಿ. ಮೂತ್ರ ಕಡು ಹಳದಿಯಾದರೆ ನೀರು ಸಾಲುತ್ತಿಲ್ಲ ಅಂತ ತಿಳಿಯಿರಿ. ಗ್ರಹಣದ ದಿನ ಹೊರಗೆ ಬರಬೇಡ ಅಂದರೆ ಜಗಳ ಮಾಡಬೇಡಿ, ಒಳಗೇ ಇರಿ. ಆದರೆ ಊಟ, ನೀರು, ಮಾತ್ರೆ ಮಾತ್ರ ಬಿಡಬೇಡಿ.

10. ಯಾರನ್ನೂ ಕೇಳದೆ ಹೊರಡಬೇಕಾದದ್ದು ಯಾವಾಗ

- ರಕ್ತ ಕಂಡರೆ, ಎಷ್ಟೇ ಕಡಿಮೆ ಇರಲಿ
- ನೀರಿನ ಹಾಗೆ ಸೋರಿ ಬಟ್ಟೆ ಒದ್ದೆಯಾಗುತ್ತಿದ್ದರೆ
- ಹೊಟ್ಟೆ ಬಿಗಿದು ಬಿಡುವುದು ಮತ್ತೆ ಮತ್ತೆ ಕ್ರಮವಾಗಿ ಬಂದರೆ
- ಬಿಡದ ತಲೆನೋವು, ಕಣ್ಣು ಮಂಜು, ಎದೆಗುಂಡಿ ಹತ್ತಿರ ನೋವು, ಮುಖ ಮತ್ತು ಕೈ ಬಾವು
- ಜ್ವರ, ಫಿಟ್ಸ್, ಕೂತಲ್ಲೇ ಉಸಿರುಗಟ್ಟುವುದು
- ಬಿದ್ದರೆ ಅಥವಾ ಹೊಟ್ಟೆಗೆ ಪೆಟ್ಟಾದರೆ, ನೋವಿಲ್ಲದಿದ್ದರೂ

ಸಂಜೆ ಕಾಲು ಸ್ವಲ್ಪ ಬಾತು ಬೆಳಗ್ಗೆ ಇಳಿದರೆ ಚಿಂತೆಯಿಲ್ಲ. ಬೆಳಗ್ಗೆ ಎದ್ದಾಗಲೇ ಬೆರಳಿನ ಉಂಗುರ ಬಿಗಿಯಾಗಿದ್ದರೆ ಅಂದೇ ಬಿಪಿ ನೋಡಿಸಿ. 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಉಚಿತ, ಸಲಹೆಗೆ 104. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಚಿತ್ರದುರ್ಗದ ಜಿಲ್ಲಾಸ್ಪತ್ರೆ ಎರಡರಲ್ಲೂ ರಾತ್ರಿ ಹೊತ್ತಿನಲ್ಲೂ ತುರ್ತು ವಿಭಾಗ ಇರುತ್ತೆ.

11. ತವರಿಗೆ ಹೋಗುವ ಮೊದಲು

ಕುಬುಸ ಮುಗಿಸಿ ಏಳನೇ ತಿಂಗಳಿಗೆ ತವರಿಗೆ ಹೊರಡುವವರೇ ನಮ್ಮಲ್ಲಿ ಹೆಚ್ಚು. ಸೀರೆ, ಬಳೆ, ಬುತ್ತಿ ಎಲ್ಲ ಗಾಡಿ ಹತ್ತುತ್ತೆ, ತಾಯಿ ಕಾರ್ಡ್ ಮಾತ್ರ ಅತ್ತೆಮನೆಯ ಗೋಡೆಗೂಡಲ್ಲೇ ಉಳಿಯುತ್ತೆ. ಕಾರ್ಡ್, ಎಲ್ಲ ಸ್ಕ್ಯಾನ್ ವರದಿ, ರಕ್ತದ ವರದಿ, ಮಿಕ್ಕ ಮಾತ್ರೆ ಒಂದೇ ಚೀಲದಲ್ಲಿ ಹಾಕಿ ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ. ಪ್ರತಿ ಪುಟದ ಫೋಟೋ ತೆಗೆದು ಗಂಡನ ಫೋನಿನಲ್ಲೂ ಇಡಿ. ಇಲ್ಲಿಯ ಆಶಾಗೆ ಹೋಗುವ ಊರು ಹೇಳಿ, ಅಲ್ಲಿಯ ಆಶಾಳ ನಂಬರ್ ಕೇಳಿ ಪಡೆಯಿರಿ. ತವರಿಗೆ ಹೋದ ವಾರದೊಳಗೆ ಅಲ್ಲಿನ ಕೇಂದ್ರದಲ್ಲಿ ಕಾರ್ಡ್ ತೋರಿಸಿ ಹೆಸರು ಬರೆಸಿ. 28 ವಾರದ ತಪಾಸಣೆ ಆ ಪ್ರಯಾಣದ ಗಡಿಬಿಡಿಯಲ್ಲೇ ತಪ್ಪಿಹೋಗುವುದು. ಹಾಗಾಗಿ ಹೊರಡುವ ದಿನ ಗೊತ್ತು ಮಾಡುವಾಗ ಕ್ಯಾಲೆಂಡರಿನಲ್ಲಿ ಮುಂದಿನ 9ನೇ ತಾರೀಕನ್ನೂ ನೋಡಿ.